ಹೆಚ್ಚುವರಿ ಪದ

ಹಾಡಿಗೂ ಮೊಹರು ಬೇಕಾದ ಊರು ಕೈರೋ. ಮದುವೆ ಮನೆಯ ಕುಣಿತಕ್ಕೆ ಕಟ್ಟಿದ್ದಿರಲಿ, ಕಾಫಿ ಅಂಗಡಿಯ ಮೂಲೆಯಲ್ಲಿ ನಾಲ್ಕು ಜನ ತಲೆದೂಗಲಿ ಎಂದು ನುಡಿಸಿದ್ದಿರಲಿ, ಹೊಸ ಆಲ್ಬಂ ಹೊರಬೀಳುವ ಮುಂಚೆ ಅದರ ಪದಪಟ್ಟಿ ಸರ್ಕಾರದ ಸೆನ್ಸಾರ್ ಕಚೇರಿಯ ಮೂರನೇ ಮಹಡಿ ಹತ್ತಿ ಇಳಿಯಲೇಬೇಕು. ಅಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ವಿಸಾಲ್ ಹದಿನಾಲ್ಕು ವರ್ಷದಿಂದ ಕಿವಿ ಸವೆಸುತ್ತಿದ್ದಳು.

ನಿಯಮ ಸರಳವಾಗಿತ್ತು. ಹಾಳೆಯಲ್ಲಿ ಇರುವುದು ಹಾಡಿನಲ್ಲಿರಬೇಕು, ಹಾಡಿನಲ್ಲಿ ಇರುವುದು ಹಾಳೆಯಲ್ಲಿರಬೇಕು. ಹಾಳೆಯಲ್ಲಿ ಇಲ್ಲದ್ದು ಕಿವಿಗೆ ಬಿತ್ತೋ, ಅದು ‘ಹೆಚ್ಚುವರಿ ಪದ’. ನಿಮಿಷ ಸೆಕೆಂಡಿನ ಸಮೇತ ಕೆಂಪು ಶಾಯಿಯಲ್ಲಿ ಬರೆದು ಮೇಲಿನ ಮಹಡಿಗೆ ಕಳಿಸಬೇಕು. ಕೆಂಪು ಹಾಳೆ ಮೇಲೆ ಹೋಯಿತೆಂದರೆ ಹಾಡು ಉಗ್ರಾಣಕ್ಕೆ, ಹಾಡಿದವರು ಇನ್ನೆಲ್ಲಿಗೋ. ಪದವೇ ಇಲ್ಲದ ವಾದ್ಯಸಂಗೀತಕ್ಕೆ ಒಂದೇ ಸಾಲಿನ ನಮೂನೆ: ‘ಈ ಕೃತಿಯಲ್ಲಿ ಪದಗಳಿಲ್ಲ’. ಕೆಳಗೆ ಕಪ್ಪು ಶಾಯಿಯಲ್ಲಿ ಅವಳ ರುಜು. ಇಂಥ ರುಜುಗಳನ್ನು ಅವಳು ಸಾವಿರಗಟ್ಟಲೆ ಹಾಕಿದ್ದಳು.

ಅದು ಮರುಭೂಮಿಯ ಖಮಾಸೀನ್ ಗಾಳಿ ಎದ್ದ ವಾರ. ಬೆಳಿಗ್ಗೆ ಹನ್ನೊಂದಕ್ಕೇ ಆಕಾಶ ಅರಿಶಿನ ಕಲಸಿದ ನೀರಿನಂತಾಗಿ, ಕಚೇರಿಯಲ್ಲಿ ದೀಪ ಉರಿಯುತ್ತಿತ್ತು. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರೂ ಹಲ್ಲಿನ ನಡುವೆ ಮರಳು. ಗುರುವಾರ ಬಿಡುಗಡೆಯಾಗಬೇಕಿದ್ದ ನಾಲ್ಕು ಆಲ್ಬಂಗಳು ಮೇಜಿನ ಮೇಲಿದ್ದವು. ಒಂದು, ಊರಿನ ಟ್ಯಾಕ್ಸಿಗಳೆಲ್ಲ ಹಾಡಿಸುವ ಪಾಪ್ ಹುಡುಗಿಯದು. ಇನ್ನೊಂದು, ಯಾವ ಕಂಪನಿಯ ಹಂಗೂ ಬೇಡವೆಂದು ತಾವೇ ತಾವಾಗಿ ಹಾಡಿಕೊಂಡ ಅಲೆಕ್ಸಾಂಡ್ರಿಯಾದ ಮೂವರು ಹುಡುಗರದು. ಮೂರನೆಯದು ಯಂತ್ರಗಳ ಗುಂಯ್‌ಗುಡುವ ಎಲೆಕ್ಟ್ರಾನಿಕ್, ನಾಲ್ಕನೆಯದು ಜಾಜ್. ಕೊನೆಯ ಎರಡರಲ್ಲಿ ಪದವಿಲ್ಲ ಎಂದು ಅರ್ಜಿಯಲ್ಲೇ ಬರೆದಿತ್ತು.

ಮೇಲಧಿಕಾರಿ ಬಹ್ಗತ್ ಬೇ ಚಹಾದ ಗ್ಲಾಸು ಹಿಡಿದು ಬಂದು ನೋಡಿದವರು, ಪಾಪ್‌ನವರು ನಾಲ್ಕು ಪದ ಇಟ್ಟುಕೊಂಡು ನಲವತ್ತು ಸಲ ತಿರುವುತ್ತಾರೆ, ಜಾಜ್‌ನವರು ಗೂಬೆಗೆ ನೆಗಡಿಯಾದಂತೆ ಊದುತ್ತಾರೆ, ಬೇಗ ಮುಗಿಸಿ ಕಳಿಸಿಬಿಡಮ್ಮ ಎಂದು ನಕ್ಕು ಹೋದರು.

ಪಾಪ್ ಹುಡುಗಿಯ ಮೂರನೇ ಹಾಡು, ಎರಡನೇ ನಿಮಿಷ, ಹದಿನಾಲ್ಕನೇ ಸೆಕೆಂಡು. ಚಪ್ಪಾಳೆಯ ಅಡಿಯಲ್ಲಿ ಯಾರೋ ಉಸಿರೆಳೆದುಕೊಂಡರು. ಆಮೇಲೆ ಮಗ್ಗಿ ಒಪ್ಪಿಸುವವನಂಥ, ಒಣಗಿದ ಗಂಡು ದನಿ:

“ಶಹಾತಾ ಬಯೂಮಿ ಇಮಾಮ್, ಮನ್ಸೂರಾದವನು. ಜುಬೈರ್ ಖಲಫ್ ತಮ್ಮಾಮ್, ಸುಹಾಗಿನವನು. ಮೀನಾ ಅದ್ಲಿ ಗಿರ್ಗಿಸ್, ಮಲ್ಲವಿಯವನು.”

ಮತ್ತೆ ಚಪ್ಪಾಳೆ. ಹುಡುಗಿ ಪ್ರೀತಿಯ ಮಾತು ಹಾಡುತ್ತಲೇ ಇದ್ದಳು.

ವಿಸಾಲ್ ಹಿಂದಕ್ಕೆ ತಿರುಗಿಸಿ ಕೇಳಿದಳು. ಏಳು ಸಲ ಕೇಳಿದಳು. ಎಂಟನೇ ಸಲ ಬೇಕಾಗಿರಲಿಲ್ಲ. ರಕಾರ ನಾಲಗೆಗೆ ಹತ್ತದೆ ಗಂಟಲಲ್ಲೇ ಉರುಳಿಹೋಗುವ ಆ ದನಿಯನ್ನು ಅವಳು ಚಿಕ್ಕಂದಿನಲ್ಲಿ ಅಣಕಿಸಿ ಅಮ್ಮನ ಕೈಲಿ ಏಟು ತಿಂದಿದ್ದಳು. ಅದು ತಮ್ಮ ಹೈಸಮ್‌ನ ದನಿ. ಹನ್ನೊಂದು ವರ್ಷದ ಹಿಂದೆ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲಿಂದ ಮಫ್ತಿಯವರು ಎಳೆದೊಯ್ದ ತಮ್ಮ. ಅಂದಿನಿಂದ ಅವಳು ಮೆಟ್ಟಿಲು ಹತ್ತಿದ ಠಾಣೆಗಳೆಷ್ಟು, ಕೈಮುಗಿದ ಕಟಕಟೆಗಳೆಷ್ಟು! ಎಲ್ಲ ಕಡೆಯಿಂದಲೂ ಒಂದೇ ಕಾಗದ: ‘ಈ ಹೆಸರಿನವರು ನಮ್ಮಲ್ಲಿಲ್ಲ’. ಆ ಸಾಲಿಗೂ ತಾನು ದಿನಾ ರುಜು ಹಾಕುವ ಸಾಲಿಗೂ ಇರುವ ಸಂಬಂಧ ಅವಳಿಗೆ ಹೊಳೆದಿರಲಿಲ್ಲ ಎಂದಲ್ಲ. ಹೊಟ್ಟೆಪಾಡು ಹೊಳೆದದ್ದನ್ನು ನಂದಿಸಿಬಿಡುತ್ತದೆ.

ಅಲೆಕ್ಸಾಂಡ್ರಿಯಾದ ಹುಡುಗರ ಆಲ್ಬಂನಲ್ಲಿ ಗಿಟಾರು ತಗ್ಗಿದ ಕಡೆ ಐದು ಹೆಸರು. ಎಲೆಕ್ಟ್ರಾನಿಕ್‌ನಲ್ಲಿ ಯಂತ್ರದ ಗುಂಯ್‌ಕಾರದೊಳಗೇ ನೇಯ್ದುಕೊಂಡಂತೆ ಆರು. ಜಾಜ್‌ನ ಕೊನೆಯ ನುಡಿಸಾಣಿಕೆಯಲ್ಲಿ ಎರಡು, ಆಮೇಲೆ ಮತ್ತೊಂದು ಉಸಿರು, ಆಮೇಲೆ ನಲವತ್ತು ಸೆಕೆಂಡು ಏನೂ ಇಲ್ಲ. ನಾಲ್ಕೂ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ, ಒಬ್ಬರ ಮುಖ ಒಬ್ಬರು ಕಾಣದವರು ಮಾಡಿದ ಆಲ್ಬಂಗಳು. ದನಿ ಮಾತ್ರ ಒಂದೇ, ಒಂದರಿಂದ ಇನ್ನೊಂದಕ್ಕೆ ಮುಂದುವರಿದ ಪಟ್ಟಿಯೂ ಒಂದೇ. ಎಲ್ಲೂ ಒಂದು ಹೆಸರು ಎರಡು ಸಲ ಬರಲಿಲ್ಲ.

ಒಟ್ಟು ಹದಿನಾರು. ಅದರಲ್ಲಿ ಹೈಸಮ್ ಇರಲಿಲ್ಲ.

ಅಮ್ಮ ಮಗಳ ಮನೆ ಊರಿನ ಶುಬ್ರಾ ಬಡಾವಣೆಯಲ್ಲಿ, ನಾಲ್ಕನೇ ಮಹಡಿ. ಓಣಿಯವರೆಲ್ಲ ಅವಳ ಅಮ್ಮನನ್ನು ಹಿರಿಮಗನ ಹೆಸರಿನಿಂದ ಉಮ್ಮ್ ಹೈಸಮ್, ಹೈಸಮ್‌ನ ಅಮ್ಮ, ಎಂದೇ ಕರೆಯುತ್ತಿದ್ದರು. ಅವನು ಹೋದಮೇಲೆ ಆ ಹೆಸರು ಕೂಗಲು ಹೆದರಿದವರು ಉಮ್ಮ್ ವಿಸಾಲ್ ಎಂದು ಶುರುಮಾಡಿದರು. ಅಮ್ಮ ಆ ಕೂಗಿಗೆ ಒಮ್ಮೆಯೂ ತಿರುಗಿ ನೋಡಿದವಳಲ್ಲ. ಸಂಜೆ ವಿಸಾಲ್ ಪಾತ್ರೆ ತೊಳೆಯುತ್ತಾ ತನಗೇ ಗೊತ್ತಿಲ್ಲದೆ ಪಾಪ್ ಹುಡುಗಿಯ ಹಾಡು ಗುನುಗುತ್ತಿದ್ದಳು. ಅಮ್ಮ ಬಟಾಣಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅಲ್ಲೊಂದು ಕಡೆ ಯಾಕೆ ನಿಲ್ಲಿಸ್ತೀಯ? ಮೂರು ಸಲ ಹಾಡ್ದೆ, ಮೂರು ಸಲಾನೂ ಅಲ್ಲೇ ನಿಂತೆ.”

ವಿಸಾಲ್ ಮುಚ್ಚಿಡಲಾರದೆ ಎಲ್ಲ ಹೇಳಿದಳು. ಅಮ್ಮ ಅಳಲಿಲ್ಲ, ಹುಚ್ಚು ಹಿಡಿದಿದೆಯಾ ಎಂದು ಕೇಳಲಿಲ್ಲ. ಮಡಿಲಿನ ಸಿಪ್ಪೆಯನ್ನು ಗುಡ್ಡೆ ಮಾಡುತ್ತಾ ಒಂದೇ ಒಂದು ಮಾತು ಕೇಳಿದಳು.

“ಅವನ ಹೆಸ್ರು ಯಾರು ಹೇಳಿದ್ರು?”

“ಯಾರೂ ಇಲ್ಲಮ್ಮ.”

“ಸರಿಯಾಗಿ ಕೇಳ್ಸಿಕೊಂಡ್ಯಾ?”

“ಅದೊಂದೇ ತಾನೇ ನಂಗೆ ಬರೋ ಕೆಲ್ಸ.”

ಇಬ್ಬರಿಗೂ ನೆನಪಾದದ್ದು ಒಂದೇ. ಮೂರು ವರ್ಷದ ಹಿಂದೆ, ಸೆರೆಮನೆಯ ಒಳಗಿನಿಂದ ಬಿಡುಗಡೆಯಾಗಿ ಬಂದ ಒಬ್ಬ ಯುವಕ ಅವರ ಬಾಗಿಲಿಗೆ ಬಂದಿದ್ದ. ಊರೂರು ತಿರುಗಿ ಎಂಟು ಮನೆಗಳಿಗೆ ಎಂಟು ಹೆಸರು ತಲುಪಿಸುವುದಿತ್ತು ಅವನಿಗೆ, ಹೈಸಮ್ ಆ ಎಂಟರಲ್ಲಿ ಇರಲಿಲ್ಲ. ಬರೀ ಕೈಯಲ್ಲಿ ಬಂದೆ ಎಂದು ಕ್ಷಮೆ ಕೇಳುವುದಕ್ಕೇ ಬಂದಿದ್ದ. ಒಳಗೆ ಕಾಗದವಿಲ್ಲ, ಪೆನ್ನಿಲ್ಲ. ಪ್ರತಿಯೊಬ್ಬನೂ ಉಳಿದವರ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರು ಎಲ್ಲ ಬಾಯಿಪಾಠ ಮಾಡುತ್ತಾನೆ, ದಿನಕ್ಕೊಮ್ಮೆ ಒಪ್ಪಿಸುತ್ತಾನೆ ಎಂದಿದ್ದ. ತನ್ನ ಹೆಸರನ್ನು ತಾನು ಹೇಳಿಕೊಳ್ಳುವ ಹಾಗಿಲ್ಲ. ಅದನ್ನು ಹೊರುವುದು ಬೇರೆಯವರ ಪಾಲು.

ಅಮ್ಮ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಹಂಗಾದ್ರೆ ಅವ್ನು ಒಬ್ನೇ ಉಳಿದಿದಾನೆ,” ಎಂದಳು. “ಹೇಳೋರು ಯಾರೂ ಉಳಿದಿಲ್ಲ.”

ಮರುದಿನ ಬೆಳಿಗ್ಗೆ ವಿಸಾಲ್‌ಳ ಮುಂದೆ ಎರಡು ಶಾಯಿ ಇದ್ದವು. ಕೆಂಪಿನಲ್ಲಿ ಬರೆದರೆ ದನಿ ಉಗ್ರಾಣದ ಕತ್ತಲು ಸೇರುತ್ತದೆ, ಒಂದಿಷ್ಟು ಅಮಾಯಕರು ಆ ದನಿಯಿರುವ ಕಡೆಗೇ ಹೋಗುತ್ತಾರೆ. ಕಪ್ಪಿನಲ್ಲಿ ‘ಪದಗಳಿಲ್ಲ’ ಎಂದರೆ, ತಮ್ಮ ಇಲ್ಲ ಎಂದ ಅಷ್ಟೂ ಸುಳ್ಳುಗಾರರ ಸಾಲಿಗೆ ತಾನೂ ಒಬ್ಬಳು. ಅವಳು ನಿಷೇಧಿತ ಪದಗಳ ಪಟ್ಟಿಯನ್ನು ತೆಗೆದು ಬೆರಳಿಟ್ಟು ಓದುತ್ತಾ ಹೋದಳು. ಬೈಗುಳಗಳಿದ್ದವು, ಮದ್ಯದ ಹೆಸರುಗಳಿದ್ದವು, ಹಿಂದೊಮ್ಮೆ ಜನ ಸೇರಿ ಘೋಷಣೆ ಕೂಗಿದ ಚೌಕವೊಂದರ ಹೆಸರಿತ್ತು. ಶಹಾತಾ ಬಯೂಮಿ ಇಮಾಮ್ ಇರಲಿಲ್ಲ. ಒಬ್ಬ ಮನುಷ್ಯನ ಹೆಸರನ್ನು ನಿಷೇಧಿಸಬೇಕೆಂದರೆ ಅವನಿದ್ದಾನೆ ಎಂದು ಮೊದಲು ಒಪ್ಪಿಕೊಳ್ಳಬೇಕಲ್ಲ!

ಹಾಗಿದ್ದಮೇಲೆ ಇವು ಹೆಚ್ಚುವರಿ ಪದಗಳಲ್ಲ, ಹಾಡಿನ ಪದಗಳು. ಅರ್ಜಿದಾರರು ಹಾಳೆಯಲ್ಲಿ ಬರೆಯಲು ಮರೆತಿದ್ದಾರೆ, ಅಷ್ಟೆ. ಅವಳು ಪಾಪ್ ಹುಡುಗಿಯ ಕಂಪನಿಗೆ ಫೋನು ಮಾಡಿ, ಮೂರನೇ ಹಾಡಿನ ಪದಪಟ್ಟಿಯಲ್ಲಿ ಎರಡು ನಿಮಿಷ ಹದಿನಾಲ್ಕು ಸೆಕೆಂಡಿನದು ಬಿಟ್ಟುಹೋಗಿದೆ, ತಿದ್ದಿ ಕಳಿಸಿ ಎಂದಳು. ಏನು ಬಿಟ್ಟಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯವರು ಸರಿ ಮೇಡಂ ಎಂದು ಇಟ್ಟುಬಿಟ್ಟರು. ಅರ್ಧ ಗಂಟೆಯಲ್ಲಿ ಹಾಳೆ ಬಂತು. ಮೂರು ಹೆಸರೂ ಇದ್ದವು. ಅಪ್ಪ, ಅಜ್ಜ, ಊರು ಸಮೇತ. ಒಂದಕ್ಷರ ತಪ್ಪಿರಲಿಲ್ಲ.

ಅಲೆಕ್ಸಾಂಡ್ರಿಯಾದಿಂದ ಐದು, ಎಲೆಕ್ಟ್ರಾನಿಕ್‌ನವನಿಂದ ಆರು, ಎಲ್ಲ ಹಾಗೆಯೇ ಬಂದವು. ಒಬ್ಬರಾದರೂ ಏನು, ಯಾಕೆ ಎನ್ನಲಿಲ್ಲ. ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ, ತಮಗೊಬ್ಬರಿಗೇ ಕೇಳಿಸುತ್ತಿದೆ ಎಂದುಕೊಂಡು, ಬಾಯಿಗೆ ಬೀಗ ಹಾಕಿಕೊಂಡು, ಆ ದನಿಗೆ ಜಾಗ ಬಿಟ್ಟು ಸುತ್ತಲೂ ನುಡಿಸಿಕೊಂಡು ಹೋಗಿದ್ದರು. ಒಂದು ದೇಶ ಬದುಕುವ ರೀತಿಯೇ ಅದಾಗಿತ್ತು.

ಜಾಜ್‌ನವರ ಹಾಳೆ ಬರಲಿಲ್ಲ, ಅವರ ಫೋನು ಸಿಗಲಿಲ್ಲ. ಅವರ ಪರವಾಗಿ ಅವಳೇ ಬರೆಯತೊಡಗಿದಳು. ಎರಡು ಹೆಸರು ಬರೆದಳು. ಪೆನ್ನು ಎತ್ತಬೇಕಿತ್ತು, ಎತ್ತಲಿಲ್ಲ. ಮೂರನೆಯ ಸಾಲು ತಾನಾಗಿ ಇಳಿಯಿತು: ‘ಹೈಸಮ್ ಮಹ್ರೂಸ್ ಅತೀಯ, ಶುಬ್ರಾದವನು’. ಹದಿನಾಲ್ಕು ವರ್ಷದಲ್ಲಿ ಅವಳು ಹಾಡಿನಲ್ಲಿ ಇಲ್ಲದ ಪದವನ್ನು ಹಾಳೆಗೆ ಬರೆದದ್ದು ಅದೇ ಮೊದಲು.

ಬಹ್ಗತ್ ಬೇ ನಾಲ್ಕೂ ಹಾಳೆ ನೋಡಿ ಹುಬ್ಬೇರಿಸಿದರು. ಪದವಿಲ್ಲದ ಸಂಗೀತಕ್ಕೆ ಪದ ಎಲ್ಲಿಂದ ಬಂತೆಂದು ಹೆಡ್‌ಫೋನು ಏರಿಸಿಕೊಂಡು ಎಲೆಕ್ಟ್ರಾನಿಕ್ ಕೇಳಿದರು. ನಾಲ್ಕನೇ ಹೆಸರಿನ ಹೊತ್ತಿಗೆ ಅವರ ಮುಖ ಹೊರಗಿನ ಆಕಾಶದ ಬಣ್ಣಕ್ಕೆ ತಿರುಗಿತ್ತು. ಹೆಡ್‌ಫೋನು ತೆಗೆದು ಕರವಸ್ತ್ರದಿಂದ ಎರಡೂ ಕಿವಿ ಒರೆಸಿಕೊಂಡರು, ಒಳಗೆ ಏನೋ ಅಂಟಿಕೊಂಡವರಂತೆ.

“ನಂಗೇನೂ ಕೇಳಿಸ್ಲಿಲ್ಲ,” ಎಂದರು.

“ಹಾಳೇಲಿದೆ ಸರ್. ಪಟ್ಟಿ ನೋಡಿದೀನಿ, ಯಾವ ಹೆಸರಿಗೂ ನಿಷೇಧ ಇಲ್ಲ.”

“ನಿಷೇಧ ಇಲ್ಲ ಅಂತ ನೀನು ಹೇಳ್ತಿದೀಯ, ನಾನು ಹೇಳ್ತಿಲ್ಲ. ತಿಳೀತಾ?” ಅವರು ಕಿಟಕಿಯ ಕಡೆ ನೋಡುತ್ತಲೇ ನಾಲ್ಕು ಸಲ ಮೊಹರು ಒತ್ತಿದರು. ಆಮೇಲೆ ಹಾಳೆಗಳನ್ನು ಬೆರಳ ತುದಿಯಲ್ಲಿ ಅವಳತ್ತ ದೂಡಿ, ತಲೆನೋವೆಂದು ಹೇಳಿ ಮನೆಗೆ ಹೊರಟುಹೋದರು.

ಮಧ್ಯಾಹ್ನ ಜಾಜ್ ತಂಡದ ಸ್ಯಾಕ್ಸೊಫೋನ್ ವಾದಕ ಲಬೀಬ್ ತಾವೇ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಟೋಪಿಯ ತುಂಬ ಧೂಳು. ಊರಿನ ಅರ್ಧ ವಾದಕರಿಗೆ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ಅವರು ಲಬೀಬ್ ಮೇಷ್ಟ್ರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿ, ಎರಡು ಹೆಸರಿಗೆ ತಲೆಯಾಡಿಸಿದರು, ಮೂರನೆಯದಕ್ಕೆ ನಿಂತರು.

“ಈ ಮೂರನೇದು ನಮ್ಮಲ್ಲಿಲ್ವಲ್ಲಮ್ಮ.”

ಅವಳು ಗೊತ್ತು ಎಂದಳು. ಮೊಹರು ಬಿದ್ದ ಪದ ಹಾಡಿನಲ್ಲಿಲ್ಲದಿದ್ದರೆ ಹಾಡೇ ಅನೂರ್ಜಿತ ಎಂಬುದು ಅವರಿಗೂ ಗೊತ್ತಿತ್ತು. ಹೊಡೆದುಹಾಕಬೇಕೆಂದರೆ ಕೆಂಪು ಹಾಳೆ ಬೇಕು.

ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು, ದನಿ ತಗ್ಗಿಸಿ, ರೆಕಾರ್ಡಿಂಗಿನ ದಿನ ನಡೆದದ್ದನ್ನು ಹೇಳಿದರು. ಬಾಗಿಲು ಹಾಕಿತ್ತು, ಮೈಕಿನ ಮುಂದೆ ಯಾರೂ ಇರಲಿಲ್ಲ. ಎರಡು ಹೆಸರಾದ ಮೇಲೆ ಆ ದನಿ ಉಸಿರೆಳೆದುಕೊಂಡು ನಿಂತಿತು. ಸುಮ್ಮನಾದದ್ದಲ್ಲ, ಕಾಯುತ್ತಾ ನಿಂತದ್ದು. ಆ ನಲವತ್ತು ಸೆಕೆಂಡಿನಲ್ಲಿ ನುಡಿಸಲು ತಂಡದ ನಾಲ್ವರಲ್ಲಿ ಒಬ್ಬರಿಗೂ ಧೈರ್ಯವಾಗಲಿಲ್ಲ.

“ಬೇರೆಯವ್ರು ಕೂತಿರೋ ಕುರ್ಚಿ ಮೇಲೆ ಕೂರೋಕಾಗುತ್ತಾ, ನೀನೇ ಹೇಳು,” ಎಂದರು. ಆಮೇಲೆ ಹಾಳೆಯ ಮೂರನೇ ಸಾಲಿನ ಮೇಲೆ ಬೆರಳಿಟ್ಟು, “ನಿನಗೇನಾಗ್ಬೇಕು ಇವ್ನು?”

“ತಮ್ಮ.”

“ಹಂಗಾದ್ರೆ ಬಾ. ನಾವು ಹೇಳಿದ್ರೆ ಅದು ಸುಳ್ಳು ಸಾಕ್ಷಿ. ನೀನು ಹೇಳ್ಬೇಕು.”

ಹೋದರೆ ಏನಾಗುತ್ತದೆಂದು ವಿಸಾಲ್‌ಗೆ ಗೊತ್ತಿರಲಿಲ್ಲವೆಂದಲ್ಲ. ಸರ್ಕಾರ ಇಲ್ಲವೆಂದ ಹೆಸರನ್ನು ಸರ್ಕಾರದ ನೌಕರಳೇ ಹಾಡಿನೊಳಗೆ ಕೂಗುವುದು ಎಂದರೆ ಎಂದಾದರೊಂದು ದಿನ ಅವಳ ಬಾಗಿಲನ್ನೂ ತಟ್ಟುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು: ತಾನು ಬಾಯಿ ತೆರೆದರೆ ಆ ದನಿ ಬೆಚ್ಚಿ ಶಾಶ್ವತವಾಗಿ ನಿಂತುಹೋದರೆ? ಆದರೂ ಎದ್ದಳು. ಒಬ್ಬನೇ ಉಳಿದಿದ್ದಾನೆ ಎಂಬ ಅಮ್ಮನ ಮಾತು ಅವಳನ್ನು ಕೂರಲು ಬಿಡಲಿಲ್ಲ.

ಮೇಷ್ಟ್ರ ಸ್ಟುಡಿಯೊ ಒಂದು ಹಳೇ ಕಟ್ಟಡದ ನೆಲಮಾಳಿಗೆ. ಗೋಡೆಗೆಲ್ಲ ರಜಾಯಿ ಹೊಡೆದಿದ್ದರು. ಹೊರಗಿನ ಗಾಳಿಯ ಹುಯ್ಲು ಬಾಗಿಲು ಹಾಕಿದೊಡನೆ ಕತ್ತರಿಸಿದಂತೆ ನಿಂತಿತು. ಅವಳನ್ನು ಮೈಕಿನ ಮುಂದೆ ನಿಲ್ಲಿಸಿ, ಹೆಡ್‌ಫೋನು ಕೊಟ್ಟು, ಮೇಷ್ಟ್ರು ಗಾಜಿನ ಆ ಕಡೆ ಯಂತ್ರದ ಮುಂದೆ ಕೂತರು.

ಸಂಗೀತ ಶುರುವಾಯಿತು. ಸ್ಯಾಕ್ಸೊಫೋನ್ ದೂರದಿಂದ ನಡೆದು ಬಂದು ಒಂದು ಕಡೆ ನಿಂತಿತು. ದನಿ ಬಂತು. ಒಂದು ಹೆಸರು. ಇನ್ನೊಂದು. ಉಸಿರು.

“ಹೈಸಮ್ ಮಹ್ರೂಸ್ ಅತೀಯ,” ಎಂದಳು ವಿಸಾಲ್. “ಶುಬ್ರಾದವನು.”

ಏನೂ ಆಗಲಿಲ್ಲ. ಸೆಕೆಂಡುಗಳು ಹೋದವು, ಅವಳು ಎಣಿಸಿದಳು, ಅದು ಅವಳ ರೂಢಿ. ಹನ್ನೆರಡು. ಇಪ್ಪತ್ತು. ಮೂವತ್ತೊಂದರಲ್ಲಿ ಕಿವಿಯೊಳಗೆ ಏನೋ ಸರಿದಾಡಿತು, ಗೋಡೆಗೆ ಒರಗಿ ಕೂತವನು ಎದ್ದು ನಿಂತಂತೆ. ದನಿ ಈ ಸಲ ಎಷ್ಟು ಹತ್ತಿರದಲ್ಲಿತ್ತೆಂದರೆ ಅವಳ ಕಪಾಳಕ್ಕೆ ಬಿಸಿಯುಸಿರು ತಾಗಿತು.

“ವಿಸಾಲ್ ಮಹ್ರೂಸ್ ಅತೀಯ,” ಎಂದಿತು. “ಶುಬ್ರಾದವಳು.”

ಗಾಜಿನ ಆಚೆ ಲಬೀಬ್ ಮೇಷ್ಟ್ರು ಯಂತ್ರ ನಿಲ್ಲಿಸಿದರು. ಪದಪಟ್ಟಿಯನ್ನು ಒಮ್ಮೆ ನೋಡಿದರು, ಅವಳನ್ನು ಒಮ್ಮೆ ನೋಡಿದರು. ಆ ಹೆಸರು ಹಾಳೆಯಲ್ಲಿರಲಿಲ್ಲ. ಅಳಿಸಿಬಿಡುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲೇ ಎಂದು ಅವರು ಕಣ್ಣಲ್ಲೇ ಕೇಳಿದರು.

ವಿಸಾಲ್ ಬೇಡವೆಂದು ತಲೆಯಲ್ಲಾಡಿಸಿದಳು. ಹೆಡ್‌ಫೋನು ತೆಗೆಯದೆ, ಮೈಕಿನಿಂದ ಸರಿಯದೆ ನಿಂತೇ ಇದ್ದಳು.

“ಬರ್ಕೊಳ್ಳಿ ಮೇಷ್ಟ್ರೇ,” ಎಂದಳು. “ಕಪ್ಪು ಶಾಯೀಲಿ.”