ಎಡೆಗಿಟ್ಟ ಬೀಡಿ

ಬೀರೂರಿನ ರೈಲ್ವೆ ಗ್ಯಾಂಗ್‌ಮನ್ ಅಂಜಿನಪ್ಪನನ್ನು ಬೀಡಿಯೇ ತಿಂದುಹಾಕಿತು ಅನ್ನುವುದರಲ್ಲಿ ಅವನ ಹೆಂಡತಿ ತಿಪ್ಪಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಪ್ಪತ್ತು ವರ್ಷ ಅವಳು ಬೀಡಿ ಕಟ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು, ಒಲೆಗೆ ಹಾಕಿದಳು, ದೇವರ ಮುಂದೆ ಆಣೆ ಮಾಡಿಸಿದಳು. ಅವನು "ಇದೊಂದೇ ಕಣೇ, ನಾಳೆಯಿಂದ ಬಿಟ್ಬಿಡ್ತೀನಿ" ಅನ್ನುತ್ತಲೇ ಹೋಗಿಬಿಟ್ಟ.

ಈಗ ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಮುದ್ದೆ, ಕೋಳಿ ಸಾರು, ಕಜ್ಜಾಯ ಇಟ್ಟಾಯಿತು.

"ಅವ್ವಾ, ಬೀಡಿ?" ಎಂದ ಮಗ ಹಾಲೇಶ.

ನೆಂಟರೆಲ್ಲ ಅವಳನ್ನೇ ನೋಡಿದರು. ತಿಪ್ಪಮ್ಮ ತಾನೇ ಅಂಗಡಿಗೆ ಹೋಗಿ ಒಂದು ಕಟ್ಟು ತಂದಳು. ಒಂದು ಬೀಡಿಯನ್ನು ಬಾಯಲ್ಲಿಟ್ಟು ಹಚ್ಚಿ, ಕೆಮ್ಮುತ್ತಾ ಎಲೆಯ ಅಂಚಿಗೆ ಇಟ್ಟಳು. "ಸೇದು. ಇನ್ಮೇಲೆ ಕಡೂರು ಡಾಕ್ಟ್ರೂ ಬೈಯಲ್ಲ."

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತರು. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದರೆ ಬೀಡಿ ಅರ್ಧವೂ ಉರಿಯದೆ ಆರಿತ್ತು. ಎಳೆಯುವವರಿಲ್ಲದ ಬೀಡಿ ಆರದೆ ಇನ್ನೇನು? ಆದರೂ ನೆಂಟರು, ಅಂಜಿನಪ್ಪನಿಗೆ ಏನೋ ಮುನಿಸು ಎಂದು ಪಿಸುಗುಟ್ಟಿದರು.

ತಿಪ್ಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಾನು ಬಾಯಿ ಬಡ್ಕೊಂಡಾಗ ಬಿಡ್ಲಿಲ್ಲ. ಈಗ ಬಿಟ್ಟಿದೀಯಾ? ಯಾರನ್ನ ಉದ್ಧಾರ ಮಾಡಕ್ಕೆ?" ಎನ್ನುತ್ತಾ ಇನ್ನೊಂದು ಕಡ್ಡಿ ಗೀರಿದಳು.

ಆಮೇಲೆ ಎಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬೀಡಿ ಮತ್ತೆ ಆರದ ಹಾಗೆ, ದಾರ ಸುಡುವವರೆಗೂ ತಾನೇ ಎಳೆದಳು.