ಹನ್ನೆರಡೂ ಹಸಿರು

ಆಸ್ಪತ್ರೆಯ ರಕ್ತನಿಧಿಯ ಹೊಸ ವ್ಯವಸ್ಥೆಯಲ್ಲಿ ಹನ್ನೆರಡು ಭಾಗಗಳು. ಅವನ್ನೆಲ್ಲ ಕುಬರ್ನೆಟೀಸ್ ಕ್ಲಸ್ಟರಿನಲ್ಲಿ, ಎಂದರೆ ಒಂದಾಗಿ ದುಡಿಯುವ ಕಂಪ್ಯೂಟರುಗಳ ಗುಂಪಿನಲ್ಲಿ, ನಿಲ್ಲಿಸುವ ಕೆಲಸ ಅವಳದು. ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ನಡೆಯುತ್ತಿದ್ದವು. ದಾನಿಗಳಿಗೆ ಸಂದೇಶ ಕಳಿಸುವ ಭಾಗವೊಂದು ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು.

ಇಂಥದ್ದಕ್ಕೆ ಅವರ ತಂಡದಲ್ಲಿ ಒಂದೇ ಮದ್ದು: ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕುವುದು. ನೆಗಡಿಗೆ ಮೂಗು ಕೊಯ್ಯುವವರು ನಾವು ಎಂದು ತಮ್ಮನ್ನೇ ಆಡಿಕೊಳ್ಳುತ್ತಿದ್ದರು. ಪರೀಕ್ಷೆಯ ಮೂರು ತಿಂಗಳಲ್ಲಿ ನಲವತ್ತು ಸಲ ಕೊಯ್ದಿದ್ದರು. ಪ್ರತಿ ಸಲವೂ ಹನ್ನೊಂದು ನಿಮಿಷಕ್ಕೆ ಹೊಸ ಮೂಗು ಬಂದಿತ್ತು. ಅವಳು ಅಳಿಸಿದಳು, ಹಾಕಿದಳು. ಪರದೆಯ ಮೇಲೆ ಹನ್ನೆರಡೂ ಹಸಿರಾದವು. ಎರಡು ಮಹಡಿ ಕೆಳಗೆ ರಕ್ತನಿಧಿಯಲ್ಲಿ ತಂತ್ರಜ್ಞೆಯಾಗಿದ್ದ ಅತ್ತಿಗೆಗೆ ಫೋನ್ ಮಾಡಿ ತಿಳಿಸಿದಳು.

ಐದು ನಿಮಿಷಕ್ಕೆ ಅತ್ತಿಗೆಯೇ ಮಾಡಿದಳು.

"ಎಲ್ಲಾ ಹಸಿರು ಅಂದ್ಯಲ್ಲೇ. ನನ್ನ ಪಟ್ಟಿ ಯಾಕೆ ಬೋಳಾಗಿದೆ?"

ನಿನ್ನೆ ಸಂಜೆ ಆರು ಸಾವಿರ ದಾನಿಗಳ ವಿವರ ತುಂಬಿದ್ದರು. ವ್ಯವಸ್ಥೆ ಅಳಿಸಿದರೆ ಅದರ ಡಿಸ್ಕೂ ಅಳಿಯಲಿ ಎಂಬ ನಿಯಮವನ್ನು ಪರೀಕ್ಷೆಗೆಂದು ಬರೆದವಳು ಅವಳೇ. ಬದಲಿಸಿರಲಿಲ್ಲ. ಬ್ಯಾಕಪ್ ತೆಗೆಯುವ ಭಾಗದ ಮೊದಲ ಸರದಿ ಇವತ್ತು ಸಂಜೆ. ವಿವರ ತಂದ ಕಡತವೂ ಅದೇ ಡಿಸ್ಕಿನಲ್ಲಿತ್ತು. ಮೊದಲು ಪಟ್ಟಿಯಿದ್ದ ಹಳೆಯ ಕಂಪ್ಯೂಟರ್ ಇನ್ನು ಬೇಡವೆಂದು ಅವಳೇ ಹೇಳಿದ್ದರಿಂದ ಬೆಳಿಗ್ಗೆ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಬೇರೆ ವಿಭಾಗಕ್ಕೆ ಕೊಟ್ಟಾಗಿತ್ತು. ಡಿಸ್ಕ್ ಬಾಡಿಗೆಗೆ ಕೊಟ್ಟ ಕಂಪನಿಗೆ ಬರೆದಳು. ಅಳಿಸಿದ್ದು ಮರಳದು ಎಂಬ ಉತ್ತರ ಎರಡೇ ನಿಮಿಷಕ್ಕೆ ಬಂತು.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ರಕ್ತನಿಧಿಗೆ ಬಂದಳು.

ಮೊದಲ ಮಹಡಿಯಲ್ಲಿ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಂತಿರಲಿಲ್ಲ. ಆ ಬಾಣಂತಿಯದು ಅಪರೂಪದ ರಕ್ತದ ಗುಂಪು. ಫ್ರಿಜ್ಜಿನಲ್ಲಿದ್ದದ್ದು ಒಂದು ಚೀಲ, ಅಳಿದ ಪಟ್ಟಿಯಲ್ಲಿದ್ದ ಆ ಗುಂಪಿನ ದಾನಿಗಳು ಒಂಬತ್ತು ಜನ. ಬೇರೆ ಆಸ್ಪತ್ರೆಗಳನ್ನು ಕೇಳಿಯಾಗಿತ್ತು, ಎಲ್ಲೂ ಇರಲಿಲ್ಲ.

"ನಾಲ್ಕು ಜನರ ನಂಬರ್ ನನ್ನ ಫೋನಲ್ಲೇ ಇತ್ತು," ಎಂದಳು ಅತ್ತಿಗೆ, ತಲೆಯೆತ್ತದೆ. "ಒಬ್ಬ ಹೋದ ತಿಂಗಳಷ್ಟೇ ಕೊಟ್ಟಿದಾನೆ, ಈಗ ತಗೊಳ್ಳೋ ಹಾಗಿಲ್ಲ. ಮೂವರು ಎತ್ತುತ್ತಿಲ್ಲ. ಮಿಕ್ಕವರ ಮುಖ ನೆನಪಿದೆ ಕಣೆ. ಮುಖಕ್ಕೆ ಫೋನ್ ಮಾಡೋಕಾಗುತ್ತಾ?"

"ಅತ್ತಿಗೆ, ನಾನು..."

"ಆಮೇಲೆ ಅಳು. ಡಾಕ್ಟರಿಗೆ ನೀನೇ ಹೇಳ್ತೀಯಾ, ನಾನು ಹೇಳ್ಲಾ?"

ಅಷ್ಟರಲ್ಲಿ ಡಾಕ್ಟರೇ ಬಾಗಿಲಲ್ಲಿದ್ದರು. ಪಟ್ಟಿ ಸರಿಯಾಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಮೂರು ತಿಂಗಳಿಂದ ಆ ಪ್ರಶ್ನೆಗೆ ಅವಳದು ಒಂದೇ ಉತ್ತರ: ಹನ್ನೊಂದು ನಿಮಿಷ.

"ಸರಿಯಾಗಲ್ಲ ಡಾಕ್ಟ್ರೇ. ನಾನೇ ಅಳಿಸಿದೆ. ಅದು ವಾಪಸ್ ಬರಲ್ಲ."

ಅವರು ಅವಳನ್ನು ನೋಡಲಿಲ್ಲ. ಅತ್ತಿಗೆಯ ಕಡೆ ಕೈ ಚಾಚಿದರು. ಅತ್ತಿಗೆ ಫ್ರಿಜ್ ತೆಗೆದು ಇದ್ದ ಒಂದು ಚೀಲವನ್ನು ಕೊಟ್ಟಳು, ಸಹಿ ಹಾಕಿಸಿಕೊಂಡಳು. ಅವರು ಮೆಟ್ಟಿಲು ಹತ್ತುವ ಸದ್ದು ನಿಂತ ಮೇಲೆ, ಎತ್ತದ ಮೂವರಲ್ಲಿ ಮೊದಲಿನವನಿಗೆ ಅತ್ತಿಗೆ ಮತ್ತೆ ಫೋನ್ ಮಾಡಿದಳು.