ಬ್ಯಾಟರಿ ಮುಗಿದ ಮೇಲೆ

"ಇದಕ್ಕೆ ಹೊಟ್ಟೇನೇ ಇಲ್ವಲ್ಲಮ್ಮ, ದನಿ ಎಲ್ಲಿಂದ ಬರುತ್ತೆ?" ಎನ್ನುತ್ತ ಎಲ್ಯೂತೇರಿಯೋ ಕಂದು ಪಿಟೀಲನ್ನು ತಿರುಗಿಸಿ ನೋಡಿದ. ಬರೀ ಹಲಗೆ. ಬೆನ್ನಿಗೊಂದು ಪುಟ್ಟ ಮುಚ್ಚಳ, ಅದರೊಳಗೆ ಚೌಕನೆಯ ಬ್ಯಾಟರಿ.

ಅಯಾಕುಚೋ ಪೇಟೆಯ ವಾದ್ಯದಂಗಡಿಯಾಕೆ ನೆಲಿದಾ ಬಿಡಿಸಿ ಹೇಳಿದಳು. ಈ ಪಿಟೀಲಿಗೆ ಬ್ಯಾಟರಿ ಬೇಕೇ ಬೇಕು, ಮುಗಿದರೆ ಸ್ಪೀಕರಿಗೆ ದನಿ ಹೋಗುವುದಿಲ್ಲ. ಪಕ್ಕದ ಗೂಟದಲ್ಲಿದ್ದ ಮಾಮೂಲಿ ಪಿಟೀಲಿಗೆ ಬ್ಯಾಟರಿಯ ಗೊಡವೆಯಿಲ್ಲ, ಆದರೆ ದನಿ ಸಣ್ಣದು.

"ದೊಡ್ಡ ದನೀದೇ ತಗೊಳ್ಳೋ," ಎಂದ ಜೊತೆಗೆ ಬಂದಿದ್ದ ಸೆನೋಬಿಯೋ.

ಸೆನೋಬಿಯೋ ಕತ್ತರಿ ಕುಣಿತದವನು. ಬಲಗೈಯಲ್ಲಿ ಎರಡು ಉಕ್ಕಿನ ಅಲಗು ಕಿಣಿಕಿಣಿ ಆಡಿಸುತ್ತ, ಪಿಟೀಲು ಎಳೆದತ್ತ ಕಾಲು ಹಾಕುವವನು. ಇಪ್ಪತ್ತೆರಡು ವರ್ಷದಿಂದ ಅವನಿಗೆ ನುಡಿಸುತ್ತಿದ್ದವನು ಎಲ್ಯೂತೇರಿಯೋ ಒಬ್ಬನೇ. ಹೋದ ವರ್ಷ ನೀರಿನ ಹಬ್ಬದ ಪಂದ್ಯದಲ್ಲಿ ಸೆನೋಬಿಯೋನ ಕಾಲು ತಪ್ಪಿ ಊರೆಲ್ಲ ನಕ್ಕಿತ್ತು. ಬ್ಯಾಂಡಿನ ಗದ್ದಲದಲ್ಲಿ ನಿನ್ನ ಪಿಟೀಲು ಕೇಳಿಸಲಿಲ್ಲ ಎಂದು ಅವನು ಹರಿಹಾಯ್ದಿದ್ದ. ಈ ಸಲ ಕರೆಂಟಿನದು ತರದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದೂ ಅಂದಿದ್ದ. ಆ ಮಾತು ಎಲ್ಯೂತೇರಿಯೋನ ಎದೆಗೆ ನಾಟಿಕೊಂಡಿತ್ತು. ಪಂದ್ಯಕ್ಕೆ ಇನ್ನು ನಾಲ್ಕೇ ದಿನ.

ನೆಲಿದಾ ಕಂದು ಪಿಟೀಲಿಗೆ ಸ್ಪೀಕರಿನ ವೈರು ಸಿಕ್ಕಿಸಿದಳು. ಎಲ್ಯೂತೇರಿಯೋ ಕಮಾನು ಎಳೆದದ್ದೇ ತಡ, ಅಂಗಡಿಯ ಗಾಜು ನಡುಗಿತು. ಸೆನೋಬಿಯೋ ಗಿರಾಕಿಗಳ ನಡುವೆಯೇ ಅಲಗು ತೆಗೆದು ಕುಣಿಯತೊಡಗಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಬ್ಬಾ, ಬದುಕಿಕೊಂಡೆ ಅನ್ನಿಸಿತು ಎಲ್ಯೂತೇರಿಯೋಗೆ.

ಅಷ್ಟರಲ್ಲಿ ಸ್ಪೀಕರ್ ಗೊರಗೊರ ಎಂದು ಸುಮ್ಮನಾಯಿತು. ಅಂಗಡಿಯಲ್ಲೇ ಕೂತು ಹಳತಾಗಿದ್ದ ಬ್ಯಾಟರಿ. ಹಲಗೆಯ ಮೇಲೆ ತಂತಿಗಳದು ಸೊಳ್ಳೆಯಷ್ಟು ಸದ್ದು ಉಳಿಯಿತು, ಅದನ್ನೂ ಅಲಗಿನ ಕಿಣಿಕಿಣಿ ನುಂಗಿತು.

ಸೆನೋಬಿಯೋ ಮಾತ್ರ ಕುಣಿಯುತ್ತಲೇ ಇದ್ದ.

ಅವನ ಕಣ್ಣು ತನ್ನ ಮೊಣಕೈಯ ಮೇಲಿರುವುದನ್ನು ಎಲ್ಯೂತೇರಿಯೋ ಆಗ ಕಂಡ. ಬೇಕೆಂದೇ ಕಮಾನನ್ನು ನಿಧಾನ ಮಾಡಿದ. ಕಾಲುಗಳೂ ನಿಧಾನವಾದವು. ಚುರುಕು ಮಾಡಿದ, ಅವೂ ಚುರುಕಾದವು. ಎಷ್ಟು ದಿನದಿಂದ ಹೀಗೆ? ಒಂದು ಮಾತು ಹೇಳಬಾರದಿತ್ತೇ?

ಬ್ಯಾಟರಿ ಮುಗಿದದ್ದನ್ನು ಹೇಳಲು ಬಾಯಿ ತೆರೆದ ನೆಲಿದಾಗೆ ಎಲ್ಯೂತೇರಿಯೋ ಕಣ್ಣಲ್ಲೇ ಬೇಡವೆಂದ. ಹಾಡು ಮುಗಿಯುವ ತನಕ ಆ ಮೂಕ ಪಿಟೀಲನ್ನು ನುಡಿಸಿದ.

ಸೆನೋಬಿಯೋ ಬೆವರು ಒರೆಸಿಕೊಂಡು ಹತ್ತಿರ ಬಂದ. "ಇದು ಪಿಟೀಲು ಅಂದ್ರೆ! ಕೊನೇ ತನಕ ಎಷ್ಟು ಚೆನ್ನಾಗಿ ಕೇಳಿಸ್ತು ನೋಡು. ಇದನ್ನೇ ತಗೋ."

"ಹೂಂ," ಎಂದ ಎಲ್ಯೂತೇರಿಯೋ, ಗೆಳೆಯನಿಗೆ ಕಾಣುವಂತೆ ತಲೆಯಾಡಿಸಿ. ಅವನು ಅಲಗುಗಳನ್ನು ಬಟ್ಟೆಯಲ್ಲಿ ಸುತ್ತಲು ಅತ್ತ ತಿರುಗಿದಾಗ ನೆಲಿದಾಳತ್ತ ಬಾಗಿದ.

"ಬಿಳೀದು ಇದೆಯಾ ತಾಯಿ? ಕಮಾನೂ ಬಿಳೀದೇ ಆಗ್ಬೇಕು. ಮೈದಾನದ ಆ ತುದಿಯಿಂದ ಕಾಣೋ ಹಾಗಿರಲಿ."